ಹಲ್ಲು ಹೋಗಿ ಗುಳಿಗೆ ಉಳಿದ ವಿರೂಪಣ್ಣ

ದೇವದುರ್ಗದ ಬಸ್ ನಿಲ್ದಾಣದಿಂದ ಪೇಟೆಗೆ ಹೊರಳುವ ರಸ್ತೆಯಲ್ಲಿ ವಿರೂಪಣ್ಣನ ಗೊಬ್ಬರ ಮತ್ತು ಎಣ್ಣೆ ಅಂಗಡಿಯಿದೆ. ಎಣ್ಣೆಯೆಂದರೆ ಒಗ್ಗರಣೆಗೆ ಹಾಕುವುದಲ್ಲ, ಬೆಳೆಗೆ ಹೊಡೆಯುವುದು. ಹುಳು ಕೊಲ್ಲುವ ವಿಷವನ್ನು ಈ ಸೀಮೆಯ ಜನ ಅಷ್ಟು ಮರ್ಯಾದೆಯಿಂದ ಕರೆಯುತ್ತಾರೆ. ರೈತ ಒಣಗಿದ ನೆಲ್ಲಿನ ದಂಟನ್ನು ಕೈಯಲ್ಲಿ ಹಿಡಿದು ಬಂದರೆ ವಿರೂಪಣ್ಣ ಅದನ್ನು ಬೆಳಕಿಗೆ ಹಿಡಿದು, ನಾಡಿ ನೋಡಿದ ವೈದ್ಯನಂತೆ ಕಣ್ಣು ಕಿರಿದು ಮಾಡಿ, "ಜಿಗಿಹುಳ" ಎಂದು ಹೇಳಿ ಹಿಂದಿನ ಕಪಾಟಿಗೆ ಕೈ ಹಾಕುತ್ತಾನೆ. ಹುಳು ಯಾಕೆ ಬಂತೆಂದು ಕೇಳುವವನು ವಿಜ್ಞಾನಿ, ಬಂತಲ್ಲ ಎಂದು ಬಾಟ್ಲಿ ಕೊಡುವವನು ವ್ಯಾಪಾರಿ. ಇವೆರಡರಲ್ಲಿ ತಾನು ಯಾರೆಂಬುದನ್ನು ವಿರೂಪಣ್ಣ ಒಂದು ದಿನವೂ ಮರೆತವನಲ್ಲ.

ಅವನ ಗಿರಾಕಿಗಳಲ್ಲಿ ಶಿರೋಮಣಿಯೆಂದರೆ ಗೂಗಲ್ ಎಂಬ ಹಳ್ಳಿಯ ಹುಲಿಗೆಪ್ಪ. ಕೃಷ್ಣಾ ನದಿಯಿಂದ ಮೋಟರ್ ಹಚ್ಚಿ ನೀರೆತ್ತಿ ನೆಲ್ಲು ಬೆಳೆಯುವವನು. ಅವನು ಯಾವ ಎಣ್ಣೆ ಒಯ್ದನೋ ಹೊಳೆದಂಡೆಯ ರೈತರೆಲ್ಲ ಅದನ್ನೇ ಒಯ್ಯುತ್ತಿದ್ದರು. ಅವನ ಗದ್ದೆಯಲ್ಲಿ ಹುಳು ಸಾಯುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಹುಟ್ಟುತ್ತಿತ್ತು. ಹುಲಿಗೆಪ್ಪ ಮತ್ತೆ ಬರುತ್ತಿದ್ದ. ಇಂಥ ಹುಳುವಿಗೂ ಇಂಥ ರೈತನಿಗೂ ದೇವರು ಆಯುಷ್ಯ ಕೊಡಲಿ ಎಂದು ವಿರೂಪಣ್ಣ ಹಣದ ಗಲ್ಲೆಯ ಮೇಲಿನ ಲಿಂಗದ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದ.

ಆ ಹಂಗಾಮಿನಲ್ಲಿ ಎಣ್ಣೆ ಕಂಪನಿಯವರು ಒಂದು ಆಸೆ ತೋರಿಸಿದರು. ದೇವದುರ್ಗ ಮತ್ತು ಮಾನ್ವಿ, ಈ ಎರಡು ಊರಿನ ಡೀಲರುಗಳಲ್ಲಿ ಜಿಗಿಹುಳದ ಬಾಟ್ಲಿ ಯಾರು ಹೆಚ್ಚು ಮಾರುತ್ತಾರೋ ಅವರಿಗೆ ಬ್ಯಾಂಕಾಕ್ ಪ್ರವಾಸ. ಮಾನ್ವಿಯ ಡೀಲರ್ ಗುರುಸಿದ್ದ, ವಿರೂಪಣ್ಣನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಷಡ್ಡಕರ ನಡುವಿನ ಪ್ರೀತಿ ಎಂಥದೆಂದು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ವಿರೂಪಣ್ಣ ಅಂದೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ, ಬೂದು ಬಣ್ಣದ ಸಫಾರಿ ಹೊಲಿಸಿದ, ಬ್ಯಾಂಕಾಕ್ ಯಾವ ದಿಕ್ಕಿಗಿದೆಯೆಂದು ಫೋನಿನಲ್ಲಿ ನೋಡಿದ. ಬಾಟ್ಲಿ ಮಾರುವುದು ಕಷ್ಟವಿರಲಿಲ್ಲ. ಕಷ್ಟವಾದದ್ದು ಸಫಾರಿಯ ಗುಂಡಿ.

ಮುಂಜಾನೆ ಹಾಕಿದರೆ ಗುಂಡಿ ಕೂಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಲಗೆಯಂತೆ ಬಿಗಿದು, ಸಂಜೆಗೆ ಏಳು ತಿಂಗಳ ಬಸುರಿಯ ಹಾಗೆ ಮುಂದೆ ಬಂದು, ಗುಂಡಿಗೂ ಕಾಜಿಗೂ ಮಾತುಕತೆ ನಿಂತು ಹೋಗುತ್ತಿತ್ತು. ಒಳಗೆ ಗುಡುಗುಡು ಸದ್ದು. ತೇಗಿದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಒಮ್ಮೆ ಭೇದಿ, ಒಮ್ಮೆ ಮುನಿಸಿಕೊಂಡು ಕಟ್ಟಿದ ಹೊಟ್ಟೆ. ಹೊಟ್ಟೆ ಬೆಳೆದಷ್ಟೂ ತೋಳು, ಕುತ್ತಿಗೆ ಸೊರಗಿದವು. ಜನ ಮಾತ್ರ ಹೊಟ್ಟೆಯನ್ನಷ್ಟೇ ನೋಡಿ, "ಸಾವ್ಕಾರ್ರಿಗೆ ಈ ವರ್ಷ ಚಲೋ ಆಗ್ಯಾದ" ಎಂದು ಸಂತೋಷಪಟ್ಟರು.

ಎದುರು ಸಾಲಿನಲ್ಲಿ ಮುಕರ್ರಂನ ಔಷಧಿ ಅಂಗಡಿ. ಇಬ್ಬರೂ ಒಂದೇ ಸಾಲೆಯಲ್ಲಿ ಓದಿ, ಒಂದೇ ಮಾಸ್ತರನ ಕೈಯಲ್ಲಿ ಏಟು ತಿಂದವರು. ವಿರೂಪಣ್ಣ ಗಲ್ಲೆಯ ಮೇಲಿಂದಲೇ ರಸ್ತೆ ದಾಟುವಂತೆ ಕೂಗುತ್ತಿದ್ದ:

"ಮುಕರ್ರಂ, ಹೋದ ಸಲದ್ದು ಕಳಸೋ! ಮತ್ತ ಎದ್ದಾವ!"

"ಹೋದ ಸಲದ್ದಾ, ಅದರ ಹಿಂದಿಂದಾ?"

"ಯಾವ್ದು ಜೋರದ ಅದು!"

ಹೊಟ್ಟೆಯೊಳಗಿನ ಕ್ರಿಮಿ ಕೊಲ್ಲುವ ಗುಳಿಗೆ, ವಿರೂಪಣ್ಣನ ಭಾಷೆಯಲ್ಲಿ ಹುಳು ಸಾಯಿಸುವ ಗುಳಿಗೆ, ಬರುತ್ತಿತ್ತು. ಒಂದು ವಾರ ನುಂಗಿದರೆ ಹೊಟ್ಟೆ ಇಳಿಯುತ್ತಿತ್ತು, ಗುಂಡಿ ಕೂಡುತ್ತಿತ್ತು. ವಿರೂಪಣ್ಣ ಸಫಾರಿ ತೊಟ್ಟು ಕನ್ನಡಿಯ ಮುಂದೆ ವಿಮಾನ ಹತ್ತಿದವನಂತೆ ನಿಲ್ಲುತ್ತಿದ್ದ. ತಿಂಗಳು ತುಂಬುವುದರೊಳಗೆ ಮತ್ತೆ ಗುಡುಗುಡು. ಹೀಗೆ ಎಷ್ಟು ಸುತ್ತಾಯಿತೋ. ಮುಕರ್ರಂ ಒಂದು ಸಲವೂ ಯಾಕೆಂದು ಕೇಳಲಿಲ್ಲ, ವಿರೂಪಣ್ಣನೂ ಹೇಳಲಿಲ್ಲ. ಇಬ್ಬರೂ ವ್ಯಾಪಾರಸ್ಥರು.

ಇನ್ನು ಅವನ ದಿನಚರಿ. ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ಒಂದು ಗ್ಯಾಸಿನ ಗುಳಿಗೆ. ಆಮೇಲೆ ದಿನವಿಡೀ ಬಾಯಿಗೆ ಬಿಡುವಿಲ್ಲ. ಖಾಲಿ ಹೊಟ್ಟೆಯಲ್ಲಿ ವಾಯು ಮನೆ ಕಟ್ಟುತ್ತದೆಂದು ಅವನ ತಾಯಿ ಹೇಳಿ ಸತ್ತಿದ್ದಳು. ಆ ಒಂದು ಮಾತನ್ನು ಮಗ ಶಿರಸಾವಹಿಸಿ ಪಾಲಿಸಿದ್ದ. ಗಲ್ಲೆಯ ಪಕ್ಕ ಪುಟಾಣಿಯೆನ್ನುವ ಹುರಿಗಡಲೆ, ಶೇಂಗಾ ತುಂಬಿದ ಡಬ್ಬಿ. ಹತ್ತಕ್ಕೆ ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ, ಮತ್ತು ಮಿರ್ಚಿ. ರೈತ ಬಂದರೆ ಚಹಾ, ಕಂಪನಿಯವನು ಬಂದರೆ ಚಹಾ, ಯಾರೂ ಬರದಿದ್ದರೆ ಯಾರೂ ಬರಲಿಲ್ಲವಲ್ಲ ಎಂದು ಚಹಾ. ಊರಿಗೆ ಹೋಗುವ ದಿನ ಹೊಟ್ಟೆ ಸಡಿಲಾದರೆ ಕಟ್ಟುವ ಗುಳಿಗೆ ಬೇರೆ. ಹೊಟ್ಟೆಯೆಂಬ ಗೋದಾಮಿಗೆ ಮಾಲು ಇಳಿಯುತ್ತಲೇ ಇತ್ತು. ಕಸ ಹೊಡೆಯಲು ಒಂದು ಗಳಿಗೆ ಬಾಗಿಲು ಹಾಕಿದ್ದೇ ಇಲ್ಲ.

ಕೊನೆಗೆ ಹೆಂಡತಿ ಸುನಂದಾ ಸೊಂಟಕ್ಕೆ ಸೆರಗು ಬಿಗಿದಳು.

"ಏನ್ರೀ, ಬ್ಯಾಂಕಾಕಿಗೆ ಹೋಗಿ ಏನ್ ನೋಡಿ ಬಂದ್ರಿ ಅಂತ ಜನ ಕೇಳಿದ್ರ ವಿಮಾನದ ಸಂಡಾಸ ಅಂತ ಹೇಳ್ತೀರೇನು? ಏಳ್ರಿ, ರಾಯಚೂರಿಗೆ ಹೋಗೂಣು."

"ಮುಕರ್ರಂ ಕೊಡ್ತಾನಲ್ಲೇ ಗುಳಿಗಿ..."

"ಕೊಡ್ತಾನ. ನೀವು ಹುಲಿಗೆಪ್ಪಗ ಕೊಟ್ಟಂಗ ಕೊಡ್ತಾನ."

ಈ ಮಾತು ವಿರೂಪಣ್ಣನ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ದಾರಿಯಲ್ಲಿನ ಗಬ್ಬೂರು ದಾಟುವವರೆಗೆ ಬಸ್ಸಿನಲ್ಲಿ ಶೇಂಗಾ ತಿಂದ.

ರಾಯಚೂರಿನಲ್ಲಿ ಹೊಟ್ಟೆಯ ಡಾಕ್ಟರು ಸ್ವಪ್ನಾ. ಮಗಳ ವಯಸ್ಸಿನವಳು. ಹೊಟ್ಟೆಯನ್ನು ಬೆರಳಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮೊದಲು ರಕ್ತ ಕೊಟ್ಟು ಬನ್ನಿ ಎಂದು ಕಳಿಸಿದಳು. ಮಧ್ಯಾಹ್ನದ ಮೇಲೆ ರಿಪೋರ್ಟು ಮುಂದಿಟ್ಟುಕೊಂಡು ಶುರು ಮಾಡಿದಳು.

"ಹೊಟ್ಟಿ ಆಪರೇಷನ್ ಏನರ ಆಗ್ಯಾದೇನ್ರೀ ಹಿಂದ?"

"ಇಲ್ರೀ ಯವ್ವಾ."

"ಸಕ್ಕರಿ ಕಾಯಿಲಿ ಇಲ್ಲ, ಥೈರಾಯ್ಡೂ ಸರಿ ಅದ. ಹಂಗಾರ ಕರುಳು ಯಾಕ ಸುಸ್ತಾಗ್ಯಾದ ಅಂತ ನೀವಾ ಹೇಳಬೇಕು. ದಿನಾ ಏನೇನು ಗುಳಿಗಿ ನುಂಗ್ತೀರಿ?"

"ಏನೂ ಇಲ್ರೀ."

ಸುನಂದಾ ಚೀಲದಿಂದ ಗುಳಿಗೆಯ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಸುರಿದಳು. ಡಾಕ್ಟರು ಒಂದನ್ನು ಎತ್ತಿದಳು.

"ಈ ಗ್ಯಾಸಿಂದು ಯಾರು ಬರ್ಕೊಟ್ರು?"

"ಹಲ್ಲಿನ ಡಾಕ್ಟ್ರು."

"ಹಲ್ಲಿನವ್ರು?"

"ದವಡಿ ಹಲ್ಲು ಕಿತ್ತಿದ್ರಿ. ನೋವಿನ ಗುಳಿಗಿ ಜೋಡಿ ಇದನ್ನೂ ಕೊಟ್ಟಿದ್ರು, ಹೊಟ್ಟಿ ಉರಿಬಾರ್ದಂತ. ಐದು ದಿನ ಅಂದಿದ್ರು."

"ಯಾವಾಗ ಇದು?"

ವಿರೂಪಣ್ಣ ಗೋಡೆಯ ಮೇಲಿನ ಕರುಳಿನ ಚಿತ್ರ ನೋಡತೊಡಗಿದ. ಉತ್ತರ ಸುನಂದಾ ಕೊಟ್ಟಳು: "ನಮ್ಮ ದೊಡ್ಡಾಕಿ ಲಗ್ನದ ವರ್ಷರೀ. ಈಗ ಅಕಿ ಮಗ ಸಾಲಿಗೆ ಹೋಗ್ತಾನ."

ಹಲ್ಲು ಹೋಗಿತ್ತು, ನೋವು ಹೋಗಿತ್ತು, ಕಿತ್ತ ಡಾಕ್ಟರೂ ವರ್ಗವಾಗಿ ಹೋಗಿದ್ದ. ಗುಳಿಗೆ ಮಾತ್ರ ಉಳಿದಿತ್ತು. ಶುರು ಮಾಡು ಎಂದವನು ನಿಲ್ಲಿಸು ಎನ್ನಲು ಸಿಗಲಿಲ್ಲವೆಂದು ವಿರೂಪಣ್ಣ ಇಷ್ಟು ವರ್ಷ ನಿಷ್ಠೆಯಿಂದ ನುಂಗಿದ್ದ.

"ಕೆಲವ್ರಿಗೆ ಇದು ವರ್ಷಾನುಗಟ್ಟಲೆ ಬೇಕಾಗತದ, ಇಲ್ಲ ಅನ್ನಂಗಿಲ್ಲ," ಎಂದಳು ಡಾಕ್ಟರು. "ನಿಮಗ ಬೇಕಿರಲಿಲ್ಲ. ಹೊಟ್ಟ್ಯಾಗಿನ ಹುಳಿ ಅಂದ್ರ ಬಾಗಿಲ ಕಾಯೋ ವಾಚ್‌ಮನ್ ಇದ್ದಂಗ. ಊಟದ ಜೋಡಿ ಬಂದ ಕ್ರಿಮಿಗಳನ್ನ ಅಲ್ಲೇ ಸಾಯಸ್ತದ. ನೀವು ಈ ಗುಳಿಗಿ ನುಂಗಿ ಆ ವಾಚ್‌ಮನ್‌ಗ ರಜಾ ಕೊಟ್ಟು ಮನಿಗೆ ಕಳಿಸೀರಿ. ಇನ್ನ ಸಣ್ಣ ಕರುಳು. ಅದು ಖಾಲಿ ಇದ್ದಾಗಷ್ಟಾ ತನ್ನನ್ನ ತಾನು ಕಸ ಹೊಡಕೊಳ್ತದ. ತಿಂದು ಒಂದೆರಡು ತಾಸಿಗೆ ಮತ್ತ ತಿಂದ್ರ ಕಸಬರಿಗಿ ಅಲ್ಲೇ ಬಿಸಾಡಿ ಕುಂದ್ರತದ. ನೀವು ಅದಕ್ಕ ಒಂದು ದಿನಾನೂ ಕಸಬರಿಗಿ ಎತ್ತಾಕ ಬಿಟ್ಟಿಲ್ಲ."

"ಖಾಲಿ ಇಟ್ರ ಗ್ಯಾಸ್ ಆಗ್ತದಲ್ರೀ?"

"ಈಗೇನು ಆಗ್ಯಾದ?"

ವಿರೂಪಣ್ಣ ತನ್ನ ಹೊಟ್ಟೆ ನೋಡಿಕೊಂಡ.

"ದೊಡ್ಡ ಕರುಳಿನಾಗ ಇರಬೇಕಾದ ಕ್ರಿಮಿಗಳು ಮ್ಯಾಲ ಸಣ್ಣ ಕರುಳಿಗೆ ಬಂದು ಸಂಸಾರ ಹೂಡ್ಯಾವ. ನೀವು ಉಂಡದ್ದನ್ನ ನಿಮಗಿಂತ ಮೊದಲ ಅವು ಉಂಡು ಗ್ಯಾಸ್ ಬಿಡ್ತಾವ. ಅದಕ್ಕಾ ಹೊಟ್ಟಿ ದಪ್ಪ, ಮೈ ಸಣ್ಣ. ಮ್ಯಾಲ ಈ ಕಟ್ಟೋ ಗುಳಿಗಿ. ಅದು ಕರುಳನ್ನ ಮಲಗಿಸಿ ಬಿಡತದ, ಹೊಲಸು ಅಲ್ಲೇ ನಿಲ್ತದ. ಇಷ್ಟೆಲ್ಲಾ ಹಂಗಾ ಇಟ್ಕೊಂಡು ಹುಳ ಸಾಯೋ ಗುಳಿಗಿ ಎಷ್ಟು ಸಲ ನುಂಗಿದ್ರೇನು? ಸಾಯ್ತಾವ, ಜಾಗಾ ಚಲೋ ಅದ ಅಂತ ಮತ್ತ ಬರ್ತಾವ."

ಹೈದರಾಬಾದಿನಲ್ಲಿ ಒಂದು ಪರೀಕ್ಷೆಯಿದೆ, ಸಿಹಿ ನೀರು ಕುಡಿಸಿ ಉಸಿರು ಊದಿಸಿಕೊಂಡು ನೋಡುತ್ತಾರೆ, ಈ ಸಲ ಇಳಿಯದಿದ್ದರೆ ಅಲ್ಲಿಗೆ ಕಳಿಸುತ್ತೇನೆ ಎಂದಳು. ಊದಿಸಿ ನೋಡುವುದು ಪೊಲೀಸರ ಕೆಲಸವೆಂದು ತಿಳಿದಿದ್ದ ವಿರೂಪಣ್ಣನಿಗೆ ಅದು ಹಿಡಿಸಲಿಲ್ಲ. ಕ್ರಿಮಿಗೆ ಒಂದು ಕೋರ್ಸು ಬರೆದಳು, ಇದೇ ಕೊನೆ ಎಂದಳು. ಗ್ಯಾಸಿನ ಗುಳಿಗೆಯನ್ನು ಹಂತಹಂತವಾಗಿ ಬಿಡಿಸುವ ಬಗೆ ಹೇಳಿ, ಮೊದಮೊದಲು ಎದೆ ಉರಿಯುತ್ತದೆ, ಹೆದರಿ ಮತ್ತೆ ನುಂಗಬೇಡಿ ಎಂದಳು. ಊಟದ ನಡುವೆ ಏನೂ ತಿನ್ನಬಾರದೆಂದಾಗ ವಿರೂಪಣ್ಣ "ಹೂಂರಿ, ಹೂಂರಿ" ಎಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ಡಾಕ್ಟರು ದಿನಕ್ಕೆ ನೂರು ಸಲ ನೋಡಿದವಳು. ಪೆನ್ನು ಮುಚ್ಚುತ್ತಿದ್ದವಳು ಮತ್ತೆ ತೆರೆದಳು.

"ಇನ್ನೊಂದು ಗುಳಿಗಿ ಕೊಡ್ತೀನಿ. ಇದರ ಪಥ್ಯ ಬಿಗಿ ಅದ. ತಿಂದು ನಾಕೈದು ತಾಸು ಆದ ಮ್ಯಾಲ, ಮುಂದಿನ ಊಟದ ಮುಂಚೆ ನುಂಗಬೇಕು. ನಡುವ ಒಂದು ಪುಟಾಣಿ ಕಾಳು, ಒಂದು ಗುಟುಕು ಚಹಾ ಹೋದ್ರೂ ಅಷ್ಟೂ ತಾಸು ಮತ್ತ ಮೊದ್ಲಿಂದ ಕಾಯಬೇಕು. ನೀರು ಬೇಕಾರ ಕುಡೀರಿ."

ವಿರೂಪಣ್ಣನ ಕಣ್ಣು ಹೊಳೆಯಿತು. "ಭಾಳ ಸ್ಟ್ರಾಂಗ್ ಅದಾವೇನ್ರೀ?"

"ನೋಡ್ರಿ, ನಿಮ್ಮಂಥವ್ರಿಗಷ್ಟಾ ಕೊಡ್ತೀನಿ."

ಊರಿಗೆ ಬಂದವನು ಮನೆಗೆ ಹೋಗಲಿಲ್ಲ, ಸೀದಾ ಮುಕರ್ರಂನ ಅಂಗಡಿಯ ಮೆಟ್ಟಿಲು ಹತ್ತಿದ.

"ಏನ್ಲೇ, ಹುಳ ಯಾಕ ಬರ್ತಾವ ಅಂತ ಒಂದು ದಿನ ಕೇಳ್ಲಿಲ್ಲ ನೀ! ಬಾಟ್ಲಿ ಮ್ಯಾಲ ಬಾಟ್ಲಿ ಕೊಟ್ಟಂಗ ಗುಳಿಗಿ ಮ್ಯಾಲ ಗುಳಿಗಿ ಕೊಟ್ಟಿ!"

ಮುಕರ್ರಂ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಅರೆ ಯಾರ್, ಕೂಗಿ ಕೇಳಿದಾಂವ ನೀ. ಜೋರದ್ದು ಕಳಸು ಅಂದಾಂವ ನೀ. ಚೀಟಿ ಇಲ್ದ ಕೊಟ್ಟೆ, ತಪ್ಪು ನಂದೂ ಅದ, ಒಪ್ಕೋತೀನಿ. ಆದ್ರ ಬೈಯೋ ಹಕ್ಕು ನಿನಗಿಲ್ಲ. ಹುಲಿಗೆಪ್ಪನ ಗದ್ದ್ಯಾಗ ಹುಳ ಯಾಕ ಬರ್ತಾವ, ಗೊತ್ತದ ಏನು ನಿನಗ?"

ಗೊತ್ತಿತ್ತು. ಗದ್ದೆಯಲ್ಲಿ ಸದಾ ನೀರು ನಿಂತಿರುತ್ತದೆ. ಯೂರಿಯಾ ಬೇಕಾದ್ದಕ್ಕಿಂತ ದುಪ್ಪಟ್ಟು. ಹೊಡೆದ ಎಣ್ಣೆಗೆ ಹುಳುವಿಗಿಂತ ಮೊದಲು ಹುಳು ತಿನ್ನುವ ಜೇಡ ಸಾಯುತ್ತದೆ. ಕಾವಲಿಲ್ಲ, ಒಣಗುವುದಿಲ್ಲ, ನೀರು ಹೊರಗೆ ಹೋಗಲು ದಾರಿಯಿಲ್ಲ. ಕಂಪನಿಯವರು ಕೊಟ್ಟ ತರಬೇತಿಯಲ್ಲೇ ಇದನ್ನೆಲ್ಲ ಕೇಳಿದ್ದ. ಅಂದಿನ ಊಟ ಚೆನ್ನಾಗಿತ್ತೆಂಬುದೂ ನೆನಪಿತ್ತು. ತನ್ನ ಕರುಳೆಂಬುದು ಹುಲಿಗೆಪ್ಪನ ಗದ್ದೆಯೇ ಎಂದು ಹೊಳೆದಾಗ ವಿರೂಪಣ್ಣನಿಗೆ ಸಿಟ್ಟು ಬಂತೋ ನಾಚಿಕೆ ಬಂತೋ, ಒಂದು ದೊಡ್ಡ ತೇಗು ಮಾತ್ರ ಬಂತು.

"ಆತು, ನೀ ಸುಮ್ನಿರು," ಎಂದು ಮೆಟ್ಟಿಲಿಳಿದ.

ಮರುದಿನದಿಂದ ಪೇಟೆಗೆ ಒಂದು ತಮಾಷೆ ಸಿಕ್ಕಿತು. ಡಾಕ್ಟರಮ್ಮ ಬುದ್ಧಿ ಹೇಳಿದ್ದರೆ ವಿರೂಪಣ್ಣ ರಾಯಚೂರಿನ ಪಕ್ಕದ ಕಲ್ಮಲಾ ದಾಟುವುದರೊಳಗೆ ಮರೆಯುತ್ತಿದ್ದ. ಆದರೆ ಇದು ಗುಳಿಗೆ, ಸ್ಟ್ರಾಂಗ್ ಗುಳಿಗೆ, ಪಥ್ಯ ತಪ್ಪಿದರೆ ವ್ಯರ್ಥ. ವಿರೂಪಣ್ಣ ಯಾವ ಮಾಲನ್ನೂ ವ್ಯರ್ಥ ಮಾಡಿದವನಲ್ಲ. ಪುಟಾಣಿ ಡಬ್ಬಿ ಮನೆಗೆ ಹೋಯಿತು. ಚಹಾದ ರೇಣುಕಮ್ಮ ಎಂದಿನಂತೆ ಕಪ್ಪು ತಂದಿಟ್ಟರೆ ಗಡಿಯಾರ ನೋಡಿ, "ಇನ್ನ ಎರಡು ತಾಸು ಅದ ಬೇ, ಒಯ್ಯಿ" ಎಂದ. ಅವಳು ಗಾಬರಿಯಾಗಿ, "ಯಪ್ಪಾ, ಚಹಾದಾಗ ಏನರ ಬಿದ್ದಿತ್ತೇನ್ರೀ?" ಎಂದಳು. ಸಾವುಕಾರ ಜಿಪುಣನಾದನೆಂದು ಕೆಲವರು, ಮಠದಲ್ಲಿ ದೀಕ್ಷೆ ತಗೊಂಡನೆಂದು ಕೆಲವರು ಮಾತಾಡಿಕೊಂಡರು. ಎದೆ ಉರಿದ ದಿನಗಳಲ್ಲಿ ಹಳೆಯ ಗುಳಿಗೆಯತ್ತ ಚಾಚಿದ ಅವನ ಕೈಗೆ ಸುನಂದಾ ಲಟ್ಟಣಿಗೆಯಿಂದಲೇ ಉತ್ತರ ಕೊಟ್ಟಳು.

ಉರಿ ತಗ್ಗಿತು. ಹೊಟ್ಟೆಯೂ ತಗ್ಗಿತು. ತಿಂಗಳು ಕಳೆಯಿತು, ಗುಡುಗುಡು ಮರಳಿ ಬರಲಿಲ್ಲ. ಸಂಜೆಯ ಹೊತ್ತಿಗೂ ಸಫಾರಿಯ ಗುಂಡಿ ಕೂಡಿತು. ವಿರೂಪಣ್ಣ ಗುಳಿಗೆಯ ಪಟ್ಟಿ ಜೇಬಿಗಿಟ್ಟು ರಸ್ತೆ ದಾಟಿದ.

"ಇಂಥಾ ಗುಳಿಗಿ ಅದಾವೇನ್ಲೇ ನಿನ್ನ ಅಂಗಡ್ಯಾಗ?"

ಮುಕರ್ರಂ ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ, ಆಮೇಲೆ ಕೌಂಟರಿಗೆ ಕೈಯೂರಿ ನಕ್ಕ. "ಅದಾವ. ಬಾಗಿಲಾಗ ಆ ಬುಟ್ಟ್ಯಾಗ ಇಟ್ಟೀನಿ ನೋಡು. ಬಿ ಹನ್ನೆರಡು, ತಾಕತ್ತಿಂದು. ಉಂಡು ನುಂಗು, ಉಪಾಸ ನುಂಗು, ಯಾವ ಪಥ್ಯನೂ ಇಲ್ಲ."

ವಿರೂಪಣ್ಣ ಅಲ್ಲೇ ನಿಂತು ರಾಯಚೂರಿಗೆ ಫೋನು ಹಚ್ಚಿದ. ಡಾಕ್ಟರು ಸಮಾಧಾನದಿಂದ ಹೇಳಿದಳು: "ರಕ್ತದಾಗ ಅದು ಕಮ್ಮಿ ಇತ್ತು, ಅದಕ್ಕ ಕೊಟ್ಟೆ. ಖಾಲಿ ಹೊಟ್ಟಿ ಅದಕ್ಕಿಂತ ಕಮ್ಮಿ ಇತ್ತು, ಅದನ್ನೂ ಕೊಟ್ಟೆ. ಬರೇ ಖಾಲಿ ಹೊಟ್ಟಿ ಕೊಟ್ಟಿದ್ರ ತಗೊಂತಿದ್ರೇನ್ರೀ?"

ಫೋನು ಇಟ್ಟ ವಿರೂಪಣ್ಣ ಗುಳಿಗೆಯ ಪಟ್ಟಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಮೋಸ ಹೋದವನ ಮುಖವಲ್ಲ ಅದು. ತನಗಿಂತ ಒಳ್ಳೆಯ ವ್ಯಾಪಾರಿಯನ್ನು ಕಂಡವನ ಮುಖ.

ಹಂಗಾಮಿನ ಕೊನೆಯ ವಾರ. ಕಂಪನಿಯವನು ಫೋನು ಮಾಡಿ, ಮಾನ್ವಿಯೂ ನೀವೂ ಸಮ ನಿಂತಿದ್ದೀರಿ, ಗೂಗಲ್ಲಿಗೆ ಮಾಲು ಹೋದರೆ ಬ್ಯಾಂಕಾಕ್ ನಿಮ್ಮದು ಎಂದ. ಅದೇ ಮಧ್ಯಾಹ್ನ ಹುಲಿಗೆಪ್ಪ ದಂಟು ಹಿಡಿದು ಬಂದ.

"ಮತ್ತ ಎದ್ದಾವ್ರೀ ಸಾವ್ಕಾರ್ರ. ಗದ್ದಿ ನಡುವ ಬೆಂಕಿ ಹಚ್ಚಿದಂಗ ಸುಟ್ಟದ. ಹೋದ ಸಲದ್ದಾ ಕೊಡ್ರಿ, ನಮ್ಮೂರವ್ರೂ ಕೇಳ್ಯಾರ."

ಕಪಾಟಿನಲ್ಲಿ ಬಾಟ್ಲಿಗಳು ವಿಮಾನದ ಸಾಲು ಸೀಟಿನಂತೆ ಕೂತಿದ್ದವು. ವಿರೂಪಣ್ಣ ಕೈ ಎತ್ತಿದ, ಇಳಿಸಿದ. ರಸ್ತೆಯಾಚೆ ಮುಕರ್ರಂ ಕೌಂಟರಿಗೆ ಗದ್ದ ಊರಿ ಇತ್ತಲೇ ನೋಡುತ್ತಿದ್ದ.

"ಹುಲಿಗೆಪ್ಪ, ಎಣ್ಣಿ ಬ್ಯಾಡ. ಒಡ್ಡು ಕಡಿದು ನೀರ ಬಿಡು. ಗದ್ದಿ ಆರಲಿ."

ಹುಲಿಗೆಪ್ಪ ಹುಬ್ಬು ಗಂಟಿಕ್ಕಿದ. "ನೀರ ಬಿಡಬೇಕಾ? ಕರೆಂಟು ಕಳ್ಳ ಬಂದಂಗ ಬರ್ತದ, ಕಾದು ಕುಂತು ಎತ್ತಿದ ನೀರ್ರೀ ಅದು! ಮಾಲು ಇಲ್ಲಂದ್ರ ಇಲ್ಲ ಅನ್ರಿ. ಮಾನ್ವಿ ಬಸ್ ಇನ್ನೂ ಹೋಗಿಲ್ಲ." ದಂಟನ್ನು ಎತ್ತಿಕೊಂಡು ಮೆಟ್ಟಿಲಿಗೆ ಹೊರಳಿಯೇ ಬಿಟ್ಟ.

ಪುಕ್ಕಟೆ ಮಾತಿನ ಬೆಲೆ ಇಷ್ಟೇ ಎಂದು ವಿರೂಪಣ್ಣನಿಗೆ ಗೊತ್ತಿರಬೇಕಿತ್ತು. ತಾನೂ ಅದನ್ನು ಕಲ್ಮಲಾದವರೆಗೆ ಹೊತ್ತವನಲ್ಲ.

"ಏ, ನಿಲ್ಲೋ ಮಾರಾಯ."

ಕೆಳಗಿನ ಅರೆಯಲ್ಲಿ ಧೂಳು ತಿನ್ನುತ್ತಿದ್ದ ಬೇವಿನ ಎಣ್ಣೆಯ ಬಾಟ್ಲಿ ತೆಗೆದು ಒರೆಸಿ ಗಲ್ಲೆಯ ಮೇಲಿಟ್ಟ. ಅದರ ಮೇಲೆ ಕಂಪನಿಯ ಹೆಸರಿರಲಿಲ್ಲ, ಬ್ಯಾಂಕಾಕಿನ ಲೆಕ್ಕಕ್ಕೆ ಅದು ಬರುವುದೂ ಇಲ್ಲ.

"ಇದನ್ನ ಒಯ್ಯಿ. ಆದ್ರ ಪಥ್ಯ ಬಿಗಿ ಅದ. ನೀರಿದ್ದ ಗದ್ದ್ಯಾಗ ಇದು ಕೆಲಸ ಮಾಡಂಗಿಲ್ಲ. ಪೂರಾ ನೀರ ಬಿಟ್ಟು, ಮಣ್ಣು ಕೂದಲಿನಂಗ ಬಿರುಕು ಬಿಡಬೇಕು, ಆಮ್ಯಾಲ ದಂಟಿನ ಬುಡಕ್ಕ ಹೊಡಿ. ನಡುವ ನೀರ ಹಾಯಿಸಿದ್ಯೋ, ಮತ್ತ ಮೊದ್ಲಿಂದ. ಯೂರಿಯಾ ಕೈಲೆ ಮುಟ್ಟಬ್ಯಾಡ."

ಹುಲಿಗೆಪ್ಪ ಬಾಟ್ಲಿಯನ್ನು ತಿರುಗಿಸಿ ನೋಡಿ, ದನಿ ತಗ್ಗಿಸಿದ. "ಸ್ಟ್ರಾಂಗ್ ಅದ ಏನ್ರೀ?"

"ನೋಡು, ನಿನ್ನಂಥವ್ಗಷ್ಟಾ ಕೊಡ್ತೀನಿ."

ಗೂಗಲ್ಲಿನ ಗದ್ದೆಗಳು ಆರಿದವು, ಹುಳು ಇಳಿಯಿತು, ಹೆಸರು ಬೇವಿನ ಬಾಟ್ಲಿಗೆ ಬಂತು. ಬ್ಯಾಂಕಾಕಿಗೆ ಗುರುಸಿದ್ದ ಹೋದ.

ಅವನು ಬಂದು ತಿಂಗಳೆರಡಾದ ಮೇಲೆ ವಿರೂಪಣ್ಣ ಸುನಂದಾಳನ್ನು ಕರೆದುಕೊಂಡು, ಸಫಾರಿ ತೊಟ್ಟು ಮಾನ್ವಿಗೆ ಹೋದ. ಹೋಗದೆ ಇದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಗುರುಸಿದ್ದ ಫೋನಿನಲ್ಲಿ ಫೋಟೊ ತೋರಿಸುತ್ತ, ಒಗ್ಗರಣೆ ಮಂಡಾಳಿನ ತಟ್ಟೆ ಮುಂದೆ ತಳ್ಳಿದ. ಅವನ ಅಂಗಿಯ ಹೊಟ್ಟೆಯ ಹತ್ತಿರದ ಗುಂಡಿ ಬಿಚ್ಚಿತ್ತು.

"ತಿನ್ನು ಅಣ್ಣಾ."

"ಬ್ಯಾಡ, ಇನ್ನ ಒಂದು ತಾಸು ಅದ."

"ಖಾಲಿ ಇಟ್ರ ಗ್ಯಾಸ್ ಆಗ್ತದ ಅಣ್ಣಾ. ಅಲ್ಲಿಂದ ಬಂದಾಗಿಂದ ನಂದು ನೋಡು, ನಗಾರಿ ಆಗ್ಯಾದ. ಎರಡು ಸಲ ಕೋರ್ಸ್ ನುಂಗೀನಿ, ಹೋಗ್ತದ, ಬರ್ತದ." ಗುರುಸಿದ್ದ ಜೇಬಿನಿಂದ ಒಂದು ಪಟ್ಟಿ ತೆಗೆದ. ವಿರೂಪಣ್ಣನಿಗೆ ಅದರ ಬಣ್ಣ ದೂರದಿಂದಲೇ ಗುರುತು ಸಿಕ್ಕಿತು. ಇಷ್ಟು ವರ್ಷ ಮುಖ ತೊಳೆಯುವ ಮೊದಲು ನೋಡಿದ ಬಣ್ಣ.

ಸುನಂದಾ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು: "ಹೇಳ್ರಿ ಅವಗ."

ವಿರೂಪಣ್ಣ ಬಾಯಿ ತೆರೆದ. ಗೋಡೆಯ ಮೇಲೆ ಕಂಪನಿಯವರು ಕೊಟ್ಟ ಹೊಸ ಕ್ಯಾಲೆಂಡರು ನೇತಾಡುತ್ತಿತ್ತು. ಮುಂದಿನ ವರ್ಷ ಸಿಂಗಾಪುರವೆಂದು ದಪ್ಪಕ್ಷರದಲ್ಲಿ ಬರೆದಿತ್ತು. ಬಾಯಿ ಮುಚ್ಚಿ, ಸಫಾರಿಯ ಗುಂಡಿಯನ್ನು ಒಮ್ಮೆ ಸವರಿಕೊಂಡ.

"ಹೇಳ್ತೀನಿ ತಡಿ," ಎಂದ ಹೆಂಡತಿಗೆ. "ಮುಂದಿನ ಸೀಸನ್ ಮುಗೀಲಿ."